ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಇಲ್ಲದ ಟ್ರಂಪೆಟ್

ಜಾಮಾ ಮಸೀದಿಯ ಪಕ್ಕದ ಮೀನಾ ಬಜಾರಿನಲ್ಲಿ ಹಳೆಯ ಗ್ರಾಮಫೋನ್ ರೆಕಾರ್ಡು ಮಾರುವವರಿದ್ದಾರೆ. ಗುರುಗ್ರಾಮದಿಂದ ಹಳದಿ ಲೈನಿನ ಮೆಟ್ರೋ ಹತ್ತಿ, ಚಾವ್ಡಿ ಬಜಾರಿನಲ್ಲಿ ಇಳಿದು, ಸೈಕಲ್ ರಿಕ್ಷಾ ಹಿಡಿದರೆ ಅಲ್ಲಿಗೆ ಹೋಗಬಹುದು. ಕಳೆದ ಚಳಿಗಾಲದ ಒಂದು ಭಾನುವಾರ ಹಾಗೆ ಹೋದಾಗ ಲೂಯಿ ಆರ್ಮ್‌ಸ್ಟ್ರಾಂಗ್ ಅವರ 'ಗ್ರೇಟೆಸ್ಟ್ ಹಿಟ್ಸ್' ಎಲ್‌ಪಿ ಒಂದು ಸಿಕ್ಕಿತು. ಚೌಕಾಸಿ ಮಾಡಿ, ಗೆದ್ದೆ ಅಂದುಕೊಂಡು ಮನೆಗೆ ತಂದೆ.

ಸಂಜೆ ಅದನ್ನು ಹಾಕಿ ಮಗಳನ್ನು ಕರೆದೆ. ಜಗತ್ತಿನ ಬಹುದೊಡ್ಡ ಟ್ರಂಪೆಟ್ ವಾದಕ ಎಂದು ಪೀಠಿಕೆಯನ್ನೂ ಹಾಕಿದೆ. 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಮುಗಿಯುವವರೆಗೆ ಸುಮ್ಮನೆ ಕೇಳಿದ ಹದಿನಾಲ್ಕರ ಹುಡುಗಿ, "ಅಪ್ಪಾ, ಇದರಲ್ಲಿ ಟ್ರಂಪೆಟ್ ಎಲ್ಲಿದೆ?" ಅಂದಳು.

ಇರಲಿಲ್ಲ. ಆ ಹಾಡಿನಲ್ಲಿ ಆರ್ಮ್‌ಸ್ಟ್ರಾಂಗ್ ಹಾಡುತ್ತಾರೆ ಅಷ್ಟೇ, ಟ್ರಂಪೆಟ್ ಊದುವುದಿಲ್ಲ. ಇಷ್ಟು ವರ್ಷ ಕೇಳಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

ಅಲ್ಲಿಂದ ಈ 'ಗ್ರೇಟೆಸ್ಟ್ ಹಿಟ್ಸ್' ಎಂಬ ವಸ್ತುವಿನ ಚರಿತ್ರೆಯ ಹಿಂದೆ ಬಿದ್ದೆ. 1958ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಗಾಯಕ ಜಾನಿ ಮ್ಯಾಥಿಸ್ ಅವರ ಮೊದಲೇ ಬಂದಿದ್ದ ಹಾಡುಗಳನ್ನು ಒಟ್ಟುಮಾಡಿ 'ಜಾನೀಸ್ ಗ್ರೇಟೆಸ್ಟ್ ಹಿಟ್ಸ್' ಎಂದು ಹೊರತಂದಿತು. ಅದು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಉಳಿಯಿತು. ಹೊಸದಾಗಿ ಸ್ಟುಡಿಯೋ ಖರ್ಚಿಲ್ಲ, ಮಾರಾಟ ಮಾತ್ರ ಉಂಟು. ಉಳಿದ ಕಂಪನಿಗಳು ಅದೇ ದಾರಿ ಹಿಡಿದವು.

ಆದರೆ ಕಂಪನಿಯೊಂದು ಇಂಥ ಸಂಕಲನ ಮಾಡುವಾಗ ತನ್ನ ಹಕ್ಕಿನಲ್ಲಿರುವ, ಜನ ಈಗಾಗಲೇ ಗುನುಗುತ್ತಿರುವ ಹಾಡುಗಳನ್ನೇ ಮೊದಲು ಆರಿಸುತ್ತದೆ. ಆರ್ಮ್‌ಸ್ಟ್ರಾಂಗ್ ಚರಿತ್ರೆ ಬದಲಿಸಿದ್ದು 1925ರಿಂದ 1928ರವರೆಗೆ, 'ಹಾಟ್ ಫೈವ್' ತಂಡದ ರೆಕಾರ್ಡುಗಳಲ್ಲಿ. 1928ರ ಜೂನ್‌ನಲ್ಲಿ ಷಿಕಾಗೋದಲ್ಲಿ ಮುದ್ರಿಸಿದ 'ವೆಸ್ಟ್ ಎಂಡ್ ಬ್ಲೂಸ್' ಶುರುವಾಗುವುದೇ ಪಕ್ಕವಾದ್ಯವಿಲ್ಲದ ಒಂಟಿ ಟ್ರಂಪೆಟ್‌ನಿಂದ. ಜಾಝ್ ಎಂದರೆ ಗುಂಪಿನ ಗದ್ದಲವಲ್ಲ, ಒಬ್ಬ ವಾದಕ ನಿಂತಲ್ಲೇ ಕಟ್ಟುವ ಮನೋಧರ್ಮ ಎಂದು ಜನಕ್ಕೆ ಕಾಣಿಸಿದ್ದು ಅಂಥ ನುಡಿಸಾಣಿಕೆಯಿಂದ. ನಾನು ತಂದ ರೆಕಾರ್ಡಿನಲ್ಲಿ ಅದು ಇರಲಿಲ್ಲ. 1964ರ ಮೇ ತಿಂಗಳಲ್ಲಿ ಬೀಟಲ್ಸ್‌ರನ್ನು ಮೊದಲ ಸ್ಥಾನದಿಂದ ಇಳಿಸಿದ 'ಹೆಲೋ, ಡಾಲಿ!' ಇತ್ತು. ಇನ್ನು 'ವಂಡರ್‌ಫುಲ್ ವರ್ಲ್ಡ್' 1967ರಲ್ಲಿ ಬಂದಾಗ ಅಮೆರಿಕದಲ್ಲಿ ಬಹುತೇಕ ಮಾರಾಟವೇ ಆಗಲಿಲ್ಲ; ಮರುವರ್ಷ ಬ್ರಿಟನ್ನಿನಲ್ಲಿ ಗೆದ್ದಿತು. ತವರಿನಲ್ಲಿ ಅದು ಮನೆಮಾತಾಗಿದ್ದು 1987ರಲ್ಲಿ ಒಂದು ಸಿನಿಮಾದಲ್ಲಿ ಬಳಸಿದ ಮೇಲೆ. ಅಷ್ಟರಲ್ಲಿ ಅವರು ತೀರಿಕೊಂಡು ಹದಿನಾರು ವರ್ಷವಾಗಿತ್ತು.

ಆದರೂ ಅವರಿಗೆ ಒಂದು ಸಂಕಲನವಿದೆ, ಮುಖಪುಟದಲ್ಲಿ ಹೆಸರಿದೆ. ನಮ್ಮವರ ಕತೆ ಹಾಗಿಲ್ಲ.

ನಮ್ಮಲ್ಲೂ ಒಬ್ಬ 'ಆರ್ಮ್‌ಸ್ಟ್ರಾಂಗ್' ಇದ್ದರು. 1916ರಲ್ಲಿ ಗೋವಾದ ಆಲ್ಡೋನಾದಲ್ಲಿ ಹುಟ್ಟಿದ ಆಂಟೋನಿಯೊ ಕ್ಸೇವಿಯರ್ ವಾಝ್. ವೇದಿಕೆಯ ಹೆಸರು ಚಿಕ್ ಚಾಕೊಲೇಟ್. ಪೋರ್ಚುಗೀಸರ ಗೋವಾದಲ್ಲಿ ಚರ್ಚಿಗೆ ಸೇರಿದ ಶಾಲೆಗಳು ಹಳ್ಳಿಯ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿಸುತ್ತಿದ್ದವು. ಓದಲು ಬಂತು, ಊರಲ್ಲಿ ಕೆಲಸವಿರಲಿಲ್ಲ. ಹಾಗಾಗಿ ಅವರು ಮುಂಬಯಿಗೆ ಬಂದರು. ಧೋಬಿ ತಲಾವ್ ಸುತ್ತಮುತ್ತ ಒಂದೊಂದು ಊರಿನವರಿಗೆ ಒಂದೊಂದು 'ಕೂಡ್' ಇರುತ್ತಿತ್ತು: ಒಂದು ಟ್ರಂಕು ಇಡುವ ಜಾಗ, ಒಂದು ಚಾಪೆ, ಊರಿನ ಮಾತು. ದೆಹಲಿಗೆ ಮೊದಲು ಬಂದಾಗ ಮುನಿರ್ಕಾದ ಒಂದೇ ಕೋಣೆಯಲ್ಲಿ ನಾಲ್ವರು ಕನ್ನಡದ ಹುಡುಗರು ಇದ್ದೆವು. ಕೂಡ್ ಎಂದರೇನೆಂದು ನನಗೆ ಯಾರೂ ವಿವರಿಸಬೇಕಿಲ್ಲ.

ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ 1935ರಲ್ಲಿ ಲಿಯಾನ್ ಆಬಿ ಎಂಬ ಪಿಟೀಲುಗಾರನ ಆಫ್ರಿಕನ್-ಅಮೆರಿಕನ್ ತಂಡ ಬಂತು. ಅನಂತರ ಪಿಯಾನೋ ವಾದಕ ಟೆಡ್ಡಿ ವೆದರ್‌ಫೋರ್ಡ್ ಬಂದರು. ತಮ್ಮ ದೇಶದ ವರ್ಣಭೇದದಿಂದ ದೂರ ಬಂದಿದ್ದ ಇಂಥ ಸಂಗೀತಗಾರರಿಂದ ಗೋವಾದ ಹುಡುಗರು ಜಾಝ್ ಕಲಿತರು. ಚಿಕ್ ಆರ್ಮ್‌ಸ್ಟ್ರಾಂಗ್‌ರಂತೆ ಕೈಯಲ್ಲಿ ಕರವಸ್ತ್ರ ಹಿಡಿದು, ಅದೇ ಗೊಗ್ಗರು ದನಿಯಲ್ಲಿ ಹಾಡುತ್ತ ತಾಜ್‌ನಲ್ಲಿ ತಮ್ಮದೇ ತಂಡ ನಡೆಸಿದರು. ತಮ್ಮ ಹೆಸರಿನಲ್ಲಿ ಕೆಲವು 78 ಆರ್‌ಪಿಎಂ ಪ್ಲೇಟುಗಳನ್ನೂ ಮಾಡಿದರು.

ಆದರೆ ದೇಶವೆಲ್ಲ ಅವರನ್ನು ಕೇಳಿದ್ದು ಬೇರೆಯವರ ಹೆಸರಿನಲ್ಲಿ. ಸಿನಿಮಾದ ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ರಾಗ ಕಟ್ಟುತ್ತಿದ್ದರು. ದೊಡ್ಡ ವಾದ್ಯವೃಂದ ಒಟ್ಟಿಗೆ ನುಡಿಸಬೇಕಾದರೆ ಒಬ್ಬೊಬ್ಬರ ಮುಂದೆಯೂ ಅವರವರ ಭಾಗದ ಸ್ವರಲಿಪಿ ಇರಬೇಕು. ಅದನ್ನು ಬರೆಯುವ ಅರೇಂಜರ್‌ಗಳು ಹೆಚ್ಚಿನಂಶ ಗೋವಾದವರು. ಶಂಕರ್-ಜೈಕಿಶನ್ ಜೊತೆಗೆ ಸೆಬಾಸ್ಟಿಯನ್ ಡಿಸೋಜಾ ಇದ್ದಂತೆ ಸಿ. ರಾಮಚಂದ್ರ ಜೊತೆಗೆ ಚಿಕ್ ಇದ್ದರು. 1951ರ 'ಅಲ್ಬೇಲಾ' ಚಿತ್ರದ 'ಶೋಲಾ ಜೋ ಭಡ್ಕೆ' ಇಂದಿಗೂ ಮದುವೆ ಮನೆಗಳಲ್ಲಿ ಕೇಳುತ್ತದೆ. ಅದೇ ವರ್ಷ ಮಧುಬಾಲಾ, ದೇವ್ ಆನಂದ್ ನಟಿಸಿದ 'ನಾದಾನ್' ಚಿತ್ರಕ್ಕೆ ಚಿಕ್ ತಾವೇ ಸಂಗೀತ ನಿರ್ದೇಶಕರಾದರು. 1967ರಲ್ಲಿ, ಐವತ್ತೊಂದಕ್ಕೆಲ್ಲ ತೀರಿಕೊಂಡರು.

ಪ್ಲೇಟಿನ ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ಬರುತ್ತಿದ್ದದ್ದು ಚಿತ್ರ, ಗಾಯಕರು, ಸಂಗೀತ ನಿರ್ದೇಶಕರ ಹೆಸರು. ಗಾಯಕರ ಹೆಸರೂ ಸುಲಭವಾಗಿ ಬಂದದ್ದಲ್ಲ. 1949ರ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ಪ್ಲೇಟಿನ ಮೇಲೆ ಮೊದಲು ಇದ್ದದ್ದು ಲತಾ ಹೆಸರಲ್ಲ, ಕಾಮಿನಿ ಎಂಬ ಪಾತ್ರದ ಹೆಸರು. ಲತಾ ಹೋರಾಡಿ ತಮ್ಮ ಹೆಸರು ಹಾಕಿಸಿಕೊಂಡರು. ಅರೇಂಜರ್‌ಗೆ, ಟ್ರಂಪೆಟ್ ಊದುವವರಿಗೆ ಆ ಬಲ ಇರಲಿಲ್ಲ. ಸಂಕಲನ ಮಾಡುವವರು ಲೇಬಲ್ ನೋಡಿ ಹಾಡು ಆರಿಸುತ್ತಾರೆ. ಲೇಬಲ್ಲಿನಲ್ಲಿ ಹೆಸರಿಲ್ಲದವರಿಗೆ ಗ್ರೇಟೆಸ್ಟ್ ಹಿಟ್ಸ್ ಎಲ್ಲಿಂದ ಬರಬೇಕು?

ಇದರ ಪಕ್ಕದಲ್ಲಿ ದೆಹಲಿಯದೇ ಒಂದು ಸಂಗತಿ ಇಡುತ್ತೇನೆ. 1963ರಲ್ಲಿ ಡ್ಯೂಕ್ ಎಲಿಂಗ್ಟನ್ ತಮ್ಮ ತಂಡದೊಂದಿಗೆ ಇಲ್ಲಿಗೆ ಬಂದಿದ್ದರು. ಅವರ ಸಹಚರ ಬಿಲ್ಲಿ ಸ್ಟ್ರೇಹಾರ್ನ್ ಇಲ್ಲಿ ಕೇಳಿದ ಮೈನಾ ಹಕ್ಕಿಯ ಕೂಗು 'ಬ್ಲೂಬರ್ಡ್ ಆಫ್ ಡೆಲ್ಲಿ' ಎಂಬ ಕೃತಿಯಾಗಿ ಅವರ 'ಫಾರ್ ಈಸ್ಟ್ ಸ್ವೀಟ್' ಆಲ್ಬಮ್ಮಿನಲ್ಲಿ ಕೂತಿತು. ಶೀರ್ಷಿಕೆಯ ಜೊತೆಗೆ 'ಮೈನಾ' ಎಂಬ ಹೆಸರೂ ಇದೆ. ದೆಹಲಿಯ ಹಕ್ಕಿಗೆ ಸಿಕ್ಕಿದ್ದು ಮುಂಬಯಿಯ ವಾದಕರಿಗೆ ಸಿಗಲಿಲ್ಲ.

ಇಷ್ಟು ಬರೆದು ಸಂಗೀತ ಕಂಪನಿಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಆದರೆ ಕೆಲವು ವರ್ಷಗಳ ಹಿಂದೆ ನಾನೇ ಒಂದು ಇಂಥ ಲೇಬಲ್ ಬರೆದಿದ್ದೇನೆ. ಎಂಟು ತಿಂಗಳು ಎಳೆದಾಡಿದ ಪ್ರಾಜೆಕ್ಟು ಕೊನೆಗೂ ಲೈವ್ ಆದ ರಾತ್ರಿ, ಅಭಿನಂದನೆಯ ಮೇಲ್ ಬರೆದದ್ದು ನಾನು. ಹನ್ನೊಂದು ಹೆಸರು ಹಾಕಿದೆ. ಕೊನೆಯ ಮೂರು ವಾರ ರಾತ್ರಿಯೆಲ್ಲ ಕೂತು ಡೇಟಾ ಸರಿಮಾಡಿದ್ದ ಬಿಹಾರದ ಹುಡುಗ ಕಾಂಟ್ರ್ಯಾಕ್ಟಿನ ಮೇಲೆ ಇದ್ದವನು. ಟೆಂಪ್ಲೇಟಿನಲ್ಲಿ ಅಂಥವರಿಗೆ ಕಾಲಂ ಇರಲಿಲ್ಲ, ನಾನೂ ಸೇರಿಸಲಿಲ್ಲ. ಅವನು ಏನೂ ಕೇಳಲಿಲ್ಲ. ಮುಂದಿನ ತಿಂಗಳು ಕಾಂಟ್ರ್ಯಾಕ್ಟ್ ಮುಗಿದು ಹೊರಟುಹೋದ. ಬೇರೆ ಕಡೆ ಇಂಟರ್‌ವ್ಯೂಗೆ ಹೋದಾಗ ತೋರಿಸಲು ಅವನ ಬಳಿ ಆ ಮೇಲ್ ಇರಲಿಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಅಂಥ ಮೇಲ್ ಬರೆಯುವವರು, ಕೆಲವರು ಅದರಲ್ಲಿ ತಮ್ಮ ಹೆಸರು ಹುಡುಕುವವರು ಎಂದು ಬಲ್ಲೆ.

ಈಗ ಮಗಳು, ನಾನು ಸೇರಿ ಫೋನಿನಲ್ಲಿ ಒಂದು ಪ್ಲೇಲಿಸ್ಟ್ ಮಾಡಿದ್ದೇವೆ. 'ವೆಸ್ಟ್ ಎಂಡ್ ಬ್ಲೂಸ್' ಅವಳಿಗೆ ಹಿಡಿಸಿತು. ಮೈಸೂರಿನಲ್ಲಿ ದಸರಾ ಸಮಯಕ್ಕೆ ಅಜ್ಜಿ ಮನೆಗೆ ಹೋದಾಗ ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನವರು ಊದುತ್ತಿದ್ದದ್ದು ಇದನ್ನೇ ಅಲ್ವಾ ಎಂದು ಕೇಳಿದಳು. ವಾದ್ಯ ಅದೇ, ಸಂಗೀತ ಬೇರೆ ಅಂದೆ. ಅದರ ನಂತರ 'ಅಲ್ಬೇಲಾ'ದ 'ದೀವಾನಾ ಯೇ ಪರ್ವಾನಾ' ಹಾಕಿ ವಿಡಿಯೋ ತೋರಿಸಿದೆ. ಅದರಲ್ಲಿ ಭಗವಾನ್, ಗೀತಾ ಬಾಲಿ ಕುಣಿಯುವಾಗ ಅಂಗಿಯ ತೋಳಿಗೆಲ್ಲ ಝಾಲರಿ ಹಚ್ಚಿಕೊಂಡ ಬ್ಯಾಂಡೊಂದು ಕಾಣುತ್ತದೆ. ಅದು ನಟರ ಬ್ಯಾಂಡಲ್ಲ. ಚಿಕ್ ಮತ್ತು ಅವರ ತಂಡ.

"ಇವರ ಹೆಸರು ಎಲ್ಲಿ ಹಾಕಲಿ? ಆರ್ಟಿಸ್ಟ್ ಅಂತ ಬೇರೆಯವರದ್ದು ಬರ್ತಾ ಇದೆ" ಅಂದಳು ಮಗಳು. ಪ್ಲೇಲಿಸ್ಟಿನ ಹೆಸರನ್ನೇ ಬದಲಿಸು ಅಂದೆ. ಈಗ ಅದರ ಹೆಸರು 'ಚಿಕ್ ಚಾಕೊಲೇಟ್ ಗ್ರೇಟೆಸ್ಟ್ ಹಿಟ್ಸ್'. ಸದ್ಯಕ್ಕೆ ಕೇಳುಗರು ಇಬ್ಬರು.