ಕಾರ್ಖಾನೆಯ ಕಿತ್ತಳೆ ಬಣ್ಣ

1977ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬಿಲ್ ಕಾರು ಕೊಂಡ ಹಲವರಿಗೆ ಆಮೇಲೆ ಗೊತ್ತಾಯಿತು: ಬಾನೆಟ್ಟಿನ ಕೆಳಗಿರುವುದು ಷೆವ್ರೊಲೆ ಎಂಜಿನ್. ಎರಡೂ ಜನರಲ್ ಮೋಟಾರ್ಸ್ ಕಂಪನಿಯವೇ, ಎರಡರ ಅಳತೆಯೂ 350 ಘನ ಅಂಗುಲ, ಅಂದರೆ ಸುಮಾರು 5.7 ಲೀಟರ್. ಆದರೂ ಜನ ಮೋಸವಾಯಿತೆಂದು ಕೋರ್ಟಿಗೆ ಹೋದರು. ಆ ಹೊತ್ತಿಗೆ ಕಂಪನಿ ತನ್ನ ಬೇರೆ ಬೇರೆ ಕಾರುಗಳ ಎಂಜಿನ್ನುಗಳಿಗೆ ಒಂದೇ ನೀಲಿ ಬಳಿಯತೊಡಗಿತ್ತು. ಅದಕ್ಕೂ ಮೊದಲು ಎಂಜಿನ್ನಿನ ಮನೆತನ ಬಣ್ಣದಿಂದಲೇ ತಿಳಿಯುತ್ತಿತ್ತು. 1955ರಲ್ಲಿ ಬಂದ ಷೆವ್ರೊಲೆ ವಿ-8 ಕಿತ್ತಳೆ. 1968ರ ಓಲ್ಡ್ಸ್‌ಮೊಬಿಲ್ 350 ಹೊಂಬಣ್ಣ. ಫೋರ್ಡ್ 1966ರಲ್ಲೇ ತನ್ನ ಎಂಜಿನ್ನುಗಳನ್ನೆಲ್ಲ ನೀಲಿಗೆ ತಂದಿತ್ತು.

ಬೀಡುಕಬ್ಬಿಣ ತುಕ್ಕು ಹಿಡಿಯುತ್ತದೆ, ಅದಕ್ಕೇ ಬಣ್ಣ. ಅಂದಕ್ಕಷ್ಟೇ ಬಳಿಯುತ್ತಿರಲಿಲ್ಲ. ಷೆವ್ರೊಲೆಯ ಫ್ಲಿಂಟ್ ಮತ್ತು ಟೊನವಾಂಡಾ ಕಾರ್ಖಾನೆಗಳಲ್ಲಿ ಎಂಜಿನ್ ಜೋಡಣೆ ಬಹುಪಾಲು ಮುಗಿದ ಮೇಲೆ ಸ್ಪ್ರೇ ಮಾಡುತ್ತಿದ್ದರು. ಹಾಗಾಗಿ ಬೋಲ್ಟಿನ ತಲೆಗೂ ಗ್ಯಾಸ್ಕೆಟ್ಟಿನ ಅಂಚಿಗೂ ಅದೇ ಕಿತ್ತಳೆ. ಹೊಗೆ ಹೊರಹಾಕುವ ಮ್ಯಾನಿಫೋಲ್ಡಿನ ಮೇಲೂ ಒಂದಿಷ್ಟು ಸಿಡಿದು, ಕಾರು ಓಡತೊಡಗಿದ ಮೇಲೆ ಸುಟ್ಟು ಹೋಗುತ್ತಿತ್ತು. ಕೆಲವು ಕಡೆ ಬಣ್ಣ ಇಳಿದ ಗುರುತು, ಕೆಲವು ಮೂಲೆಗೆ ಬಣ್ಣವೇ ಇಲ್ಲ.

ಈಗ ಅಂಥ ಕಾರನ್ನು ಮೂಲರೂಪಕ್ಕೆ ತರುವವರು ಮೊದಲು ಬಣ್ಣದ ಸಾಕ್ಷಿ ಹುಡುಕುತ್ತಾರೆ. ಬಿಸಿಲು, ಶಾಖ, ಎಣ್ಣೆ ತಾಗದ ಜಾಗ ಬೇಕು: ಬಣ್ಣ ಹೊಡೆದ ಮೇಲೆ ಕೂಡಿಸಿದ ಬ್ರಾಕೆಟ್ಟಿನ ಹಿಂಬದಿಯಂಥದ್ದು. ಅಲ್ಲಿ ಉಳಿದ ಚೂರನ್ನು ನೋಡಿ ಛಾಯೆ ಕೂಡಿಸುತ್ತಾರೆ. ಡಬ್ಬಿಯ ಮೇಲೆ 'ಷೆವ್ರೊಲೆ ಕಿತ್ತಳೆ' ಎಂದು ಬರೆದಿದ್ದರೆ ಸಾಲದು. ಒಬ್ಬ ತಯಾರಕನ ಕಿತ್ತಳೆ ಇನ್ನೊಬ್ಬನದಕ್ಕೆ ಹೊಂದುವುದಿಲ್ಲ.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಬಲ್ಲವರಿಗೆ ಈ ಕೆಲಸ ಪರಿಚಿತ ಅನ್ನಿಸೀತು. ಹಲವು ಪ್ರತಿಗಳನ್ನು ಹೋಲಿಸಿ, ನಂತರ ಸೇರಿದ್ದನ್ನು ಬಿಡಿಸಿ, ಮೂಲಕ್ಕೆ ಹತ್ತಿರದ ಪಾಠವನ್ನು ಹಿಡಿಯುವ ಹಾದಿ ಅದು. ಒಂದು ಕಡೆ ಮಾತ್ರ ದಾರಿ ಬೇರೆಯಾಗುತ್ತದೆ. ಗ್ರಂಥ ಸಂಪಾದಕ ಲಿಪಿಕಾರನ ತಪ್ಪು ತಿದ್ದಿ ಕವಿಯ ಮಾತಿಗೆ ಹೋಗುತ್ತಾನೆ. ಕಾರಿನವನು ಎಂಜಿನಿಯರನ ನಕ್ಷೆಗೆ ಹೋಗುವುದಿಲ್ಲ. ಪಾಳಿಯಲ್ಲಿ ಸ್ಪ್ರೇಗನ್ ಹಿಡಿದಿದ್ದ ಕೆಲಸಗಾರನ ಅವಸರವನ್ನೇ ಉಳಿಸಿಕೊಳ್ಳುತ್ತಾನೆ. 1974ರಲ್ಲಿ ಹುಟ್ಟಿದ ಕಾರ್ವೆಟ್ ಮಾಲೀಕರ ಸಂಘ ಎನ್‌ಸಿಆರ್‌ಎಸ್ ಕಾರುಗಳನ್ನು ಅಳೆಯುವುದೂ ಹಾಗೆಯೇ: ಕಾರ್ಖಾನೆಯಿಂದ ಬಂದಾಗ ಹೇಗಿರುತ್ತಿತ್ತೋ ಹಾಗಿರಬೇಕು. ಕನ್ನಡಿಯಂತೆ ಹೊಳೆಯುವ ಎಂಜಿನ್ನಿಗೆ ಅಂಕ ಕಡಿಮೆ. ಆ ಕೆಲಸಗಾರನ ಹೆಸರು ಎಲ್ಲೂ ಇಲ್ಲ, ಅವನ ಕೈಬರಹ ಮಾತ್ರ ಇದೆ.

ಇದರಲ್ಲಿ ಅಪಾಯವೂ ಇದೆ. ಮೂಲ ಎಂಜಿನ್ ಇರುವ ಕಾರಿಗೆ ಬೆಲೆ ಹೆಚ್ಚು. ಸಿಡಿದ ಬಣ್ಣವನ್ನೂ ಇಳಿದ ಗುರುತನ್ನೂ ನಿಖರವಾಗಿ ಅನುಕರಿಸಬಲ್ಲ ಕೈ, ಬೇರೆ ಕಾರಿನ ಎಂಜಿನ್ನನ್ನು ಇದರದ್ದೇ ಎಂದು ನಂಬಿಸಲೂ ಬಲ್ಲದು. ನಕಲು ಚೆನ್ನಾದಷ್ಟೂ ಸಾಕ್ಷಿಯಾಗಿ ಬಣ್ಣದ ಬೆಲೆ ಇಳಿಯುತ್ತದೆ. ಅದಕ್ಕೇ ಕೆಲವರು ಉದುರುತ್ತಿರುವ ಹಳೆಯ ಕಿತ್ತಳೆಯನ್ನು ಮುಟ್ಟದೆ, ಎಣ್ಣೆ ಮಾತ್ರ ಒರೆಸಿ ಹಾಗೇ ಬಿಡುತ್ತಾರೆ. ಮುಂದೆ ಯಾರಾದರೂ ಹೋಲಿಸಿ ನೋಡಬೇಕೆಂದರೆ ಅಂಥ ಪ್ರತಿಗಳೇ ಬೇಕಾಗುತ್ತವೆ.