ಭಾರತದಲ್ಲಿ ಮಕ್ಕಳ ಲೈಂಗಿಕ ಶೋಷಣೆ ವಿರೋಧಿ ಆಂದೋಲನಗಳು

ಹದಿನೆಂಟು ವರ್ಷ ತುಂಬದ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ಸ್ವಯಂಸೇವಾ ಸಂಸ್ಥೆಗಳೂ ಧರ್ಮಾರ್ಥ ಟ್ರಸ್ಟುಗಳೂ ನಡೆಸಿಕೊಂಡು ಬಂದಿರುವ ಜಾಗೃತಿ, ನೆರವು ಮತ್ತು ನ್ಯಾಯಾಲಯದ ಹೋರಾಟಗಳು ಈ ಆಂದೋಲನದ ಅಂಗಗಳು. ಮಗುವಿನ ಮೇಲೆ ನಡೆಯುವ ಯಾವುದೇ ಲೈಂಗಿಕ ಕೃತ್ಯವನ್ನು ದೌರ್ಜನ್ಯವೆಂದೂ, ಹಣ, ವಸ್ತು ಅಥವಾ ಆಶ್ರಯದ ಆಮಿಷ ಒಡ್ಡಿ ಅಂಥ ಕೃತ್ಯಕ್ಕೆ ಮಗುವನ್ನು ಬಳಸಿಕೊಳ್ಳುವುದನ್ನು ಶೋಷಣೆಯೆಂದೂ ಕರೆಯುವುದು ರೂಢಿಯಾದರೂ, ಮಗುವಿನ ಪಾಲಿಗೆ ಇವೆರಡರ ನಡುವೆ ಗೆರೆ ಎಳೆಯುವುದು ಸುಲಭವಲ್ಲ.

ಭಾರತದಲ್ಲಿ ಈ ವಿಷಯ ಬಹಿರಂಗ ಚರ್ಚೆಗೆ ಬಂದದ್ದು ಮುಖ್ಯವಾಗಿ 1990ರ ದಶಕದಲ್ಲಿ. ಗೋವೆಯಲ್ಲಿ ಮಕ್ಕಳ ಆಶ್ರಮ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್ ಎಂಬಾತ 1991ರಲ್ಲಿ ಸಿಕ್ಕಿಬಿದ್ದು, ಆಶ್ರಮದ ಹುಡುಗರನ್ನು ವಿದೇಶಿ ಪ್ರವಾಸಿಗರಿಗೆ ಒದಗಿಸುತ್ತಿದ್ದುದು ಹೊರಬಿದ್ದಾಗ, ಪ್ರವಾಸೋದ್ಯಮದ ಮರೆಯಲ್ಲಿ ಇಂಥ ಜಾಲ ಬೆಳೆಯಬಲ್ಲದೆಂಬುದು ದೇಶಕ್ಕೆ ಅರಿವಾಯಿತು. 1996ರಲ್ಲಿ ಆತನಿಗೆ ಶಿಕ್ಷೆಯಾಯಿತು. ಪ್ರವಾಸೋದ್ಯಮದಿಂದ ಸ್ಥಳೀಯ ಜನರ ಮೇಲಾಗುವ ಪರಿಣಾಮಗಳನ್ನು ಅಧ್ಯಯನ ಮಾಡುತ್ತಿದ್ದ ಬೆಂಗಳೂರಿನ ಈಕ್ವೇಷನ್ಸ್ ಸಂಸ್ಥೆ ಈ ಪ್ರಶ್ನೆಯನ್ನು ಬಿಡದೆ ಹಿಡಿದ ಗುಂಪುಗಳಲ್ಲೊಂದು. ಗೋವೆ 2003ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು.

ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತಾಡುವುದು ಇದಕ್ಕಿಂತ ಕಷ್ಟವಾಗಿತ್ತು. ಬಾಲ್ಯದಲ್ಲಿ ನೆಂಟರಿಷ್ಟರಿಂದಲೇ ನೊಂದು, ದೊಡ್ಡವರಾದ ಮೇಲೂ ಯಾರಿಗೂ ಹೇಳಿಕೊಳ್ಳಲಾಗದೆ ಉಳಿದ ಹೆಂಗಸರಿಗಾಗಿ ದೆಹಲಿಯಲ್ಲಿ 1996ರಲ್ಲಿ ರಾಹಿ ಪ್ರತಿಷ್ಠಾನ ಆರಂಭವಾಯಿತು. ಅದೇ ವರ್ಷ ಮುಂಬೈಯಲ್ಲಿ ಜೆರೂ ಬಿಲಿಮೋರಿಯಾ ಅವರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೀದಿಮಕ್ಕಳ ನೆರವಿಗಾಗಿ ಚೈಲ್ಡ್‌ಲೈನ್ ದೂರವಾಣಿ ಸೇವೆಯನ್ನು ಪ್ರಾರಂಭಿಸಿದರು. ಅದರ ಸಂಖ್ಯೆ 1098. ಹತ್ತು, ಒಂಬತ್ತು, ಎಂಟು ಎಂದು ಹಿಂದಿನಿಂದ ಎಣಿಸಿದರೆ ಸಾಕು, ಅಕ್ಷರ ಬಾರದ ಮಗುವಿನ ನಾಲಿಗೆಯ ಮೇಲೂ ಅದು ನಿಲ್ಲುತ್ತದೆ. ಮುಂದೆ ಇದು ದೇಶವ್ಯಾಪಿಯಾಗಿ ಬೆಳೆದು, 2023ರಿಂದ ಸರ್ಕಾರದ ನೇರ ನಿರ್ವಹಣೆಗೆ ಒಳಪಟ್ಟು 112ರ ತುರ್ತು ಸೇವೆಯೊಂದಿಗೆ ಜೋಡಣೆಗೊಂಡಿತು.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ, ಪ್ರಯಾಸ್ ಸಂಸ್ಥೆ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನವು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಮಾತಾಡಿಸಿದ 12,447 ಮಕ್ಕಳಲ್ಲಿ ಶೇ. 53.22ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಈಡಾಗಿದ್ದಾಗಿ ತಿಳಿಸಿದ್ದರು. ಅವರಲ್ಲಿ ಗಂಡುಮಕ್ಕಳ ಪಾಲು ಅರ್ಧಕ್ಕಿಂತ ತುಸು ಹೆಚ್ಚೇ ಇತ್ತು. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಅದು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ. ಅಪರಿಚಿತರು ಕೊಟ್ಟ ಚಾಕೊಲೇಟು ತಿನ್ನಬೇಡ ಎಂಬ ಹಳೆಯ ಬುದ್ಧಿವಾದ ಎಷ್ಟು ಅಪೂರ್ಣವೆಂಬುದನ್ನು ಈ ಅಂಕಿಗಳು ತೋರಿಸಿಕೊಟ್ಟವು.

ಮಕ್ಕಳಿಗೆ ವೈಯಕ್ತಿಕ ಸುರಕ್ಷತೆಯನ್ನು ಕಲಿಸುವ ಕೆಲಸದಲ್ಲಿ ಚೆನ್ನೈಯ ತುಳಿರ್, ಮುಂಬೈಯ ಅರ್ಪಣ್, ಬೆಂಗಳೂರಿನಲ್ಲಿ ವೈದ್ಯೆಯರಾದ ಸಂಗೀತಾ ಸಕ್ಸೇನಾ ಮತ್ತು ಶೈಬ್ಯಾ ಸಲ್ಡಾನ್ಹಾ ಸ್ಥಾಪಿಸಿದ ಎನ್‌ಫೋಲ್ಡ್ ಟ್ರಸ್ಟ್ ಪ್ರಮುಖವಾದವು. ಇಂಥ ತರಗತಿಯಲ್ಲಿ ಮಗುವಿನ ದೇಹದ ಚಿತ್ರ ಬರೆದು, ತಲೆ, ಕೈ, ಹೊಟ್ಟೆಗಳ ಹೆಸರು ಹೇಳಿಸಿದಷ್ಟೇ ಸಹಜವಾಗಿ ಖಾಸಗಿ ಅಂಗಗಳ ಹೆಸರನ್ನೂ ಹೇಳಿಕೊಡಲಾಗುತ್ತದೆ. ಇದು ಸಣ್ಣ ಸಂಗತಿಯಲ್ಲ: ಅಂಗಕ್ಕೆ ಹೆಸರೇ ಗೊತ್ತಿಲ್ಲದ, ಅಥವಾ ಅದರ ಹೆಸರೆತ್ತಿದರೆ ಗದರಿಸಿಕೊಂಡ ಮಗು ತನಗಾದುದನ್ನು ಯಾವ ಮಾತಿನಲ್ಲಿ ಹೇಳೀತು? ಬಳಿಕ ‘ಬೇಡ’ ಎನ್ನುವುದನ್ನೂ, ಅಲ್ಲಿಂದ ದೂರ ಹೋಗುವುದನ್ನೂ, ನಂಬಿಕೆಯ ದೊಡ್ಡವರಿಗೆ ತಿಳಿಸುವುದನ್ನೂ, ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳುವುದನ್ನೂ ಅಭಿನಯದ ಮೂಲಕ ರೂಢಿ ಮಾಡಿಸುತ್ತಾರೆ. ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂಬ ಮಾತಿಗೆ ಬದಲಾಗಿ ‘ಸುರಕ್ಷಿತ, ಅಸುರಕ್ಷಿತ ಸ್ಪರ್ಶ’ ಎಂಬುದನ್ನು ಈಗ ಅನೇಕರು ಬಳಸುತ್ತಾರೆ. ಕೆಟ್ಟದ್ದೆಂದೊಡನೆ ಮಗು ತಾನೇ ಕೆಟ್ಟೆನೆಂದು ಭಾವಿಸಬಹುದು, ಅಲ್ಲದೆ ಆಸ್ಪತ್ರೆಯ ಚುಚ್ಚುಮದ್ದು ನೋವಾದರೂ ಸುರಕ್ಷಿತವೇ ಆಗಿದ್ದು, ಮುದ್ದಿನಂತೆ ತೋರುವ ಸ್ಪರ್ಶ ಅಸುರಕ್ಷಿತವಾಗಿರಬಹುದು. ಆದರೂ ಇದೆಲ್ಲ ಮಗುವಿನ ಹೆಗಲಿಗೆ ಹೊರಿಸುವ ಹೊಣೆಯಾಗಬಾರದು. ಹೇಳಿದ ಮಗುವನ್ನು ನಂಬುವ ತಾಯಿತಂದೆ ಮತ್ತು ಶಿಕ್ಷಕರಿಲ್ಲದ ಕಡೆ ಈ ತರಬೇತಿ ಅರ್ಧದಾರಿಯಲ್ಲೇ ನಿಲ್ಲುತ್ತದೆ. ಹಿರಿಯರಿಗೂ ತರಬೇತಿ ನೀಡುವ ಕಾರ್ಯಕ್ರಮಗಳು ಹೆಚ್ಚು ಮೌಲಿಕವೆನಿಸುವುದು ಈ ಕಾರಣಕ್ಕೆ.

2012ರ ಮೇ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಜನಬಳಕೆಯ ಪೋಕ್ಸೋ, ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. ಇದರ ಪ್ರಕಾರ ಹೇಳಿಕೆ ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಸಾಕ್ಷ್ಯ ನುಡಿಯುವಾಗ ಮಗುವಿನ ಕಣ್ಣಿಗೆ ಆರೋಪಿ ಬೀಳಬಾರದು, ಅಪರಾಧ ತಿಳಿದವರು ವರದಿ ಮಾಡದಿದ್ದರೆ ಅದೇ ಅಪರಾಧ. ನೊಬೆಲ್ ಪುರಸ್ಕೃತ ಕೈಲಾಶ್ ಸತ್ಯಾರ್ಥಿ ಅವರ ನೇತೃತ್ವದಲ್ಲಿ 2017ರ ಸೆಪ್ಟೆಂಬರ್ 11ರಂದು ಕನ್ಯಾಕುಮಾರಿಯಿಂದ ಹೊರಟ ಭಾರತ ಯಾತ್ರೆ ಅಕ್ಟೋಬರ್ 16ರಂದು ದೆಹಲಿಯಲ್ಲಿ ಮುಗಿದು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಮತ್ತು ಸಾಗಾಟದ ವಿಷಯವನ್ನು ಬೀದಿಗೂ ಶಾಲೆಗೂ ಕೊಂಡೊಯ್ದಿತು. 2019ರ ತಿದ್ದುಪಡಿ ಕೆಲವು ಪ್ರಕರಣಗಳಿಗೆ ಮರಣದಂಡನೆಯನ್ನು ಸೇರಿಸಿದಾಗ ಸಂಸ್ಥೆಗಳಲ್ಲಿ ಒಮ್ಮತವಿರಲಿಲ್ಲ. ಆರೋಪಿ ಮನೆಯವನೇ ಆಗಿದ್ದರೆ ಗಲ್ಲಿನ ಭಯ ಕುಟುಂಬವನ್ನು ಮತ್ತಷ್ಟು ಮೌನಕ್ಕೆ ತಳ್ಳೀತೆಂಬ ವಿರೋಧಿಗಳ ಆತಂಕ ತಳ್ಳಿಹಾಕುವಂಥದ್ದಲ್ಲ.

ಅಂತರ್ಜಾಲ ಬೆಳೆದಂತೆ ಹೋರಾಟದ ನೆಲೆಯೂ ಬದಲಾಗಿದೆ. ಜಸ್ಟ್ ರೈಟ್ಸ್ ಫಾರ್ ಚಿಲ್ಡ್ರನ್ ಒಕ್ಕೂಟದ ಮೇಲ್ಮನವಿಯ ಮೇಲೆ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ನೀಡಿದ ತೀರ್ಪು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳನ್ನು ಅಳಿಸದೆ, ವರದಿಯನ್ನೂ ಮಾಡದೆ ಇಟ್ಟುಕೊಳ್ಳುವುದು ಪೋಕ್ಸೋ ಅಡಿ ಅಪರಾಧವಾಗಬಲ್ಲದೆಂದು ಸಾರಿತು. ಜೊತೆಗೆ, ‘ಮಕ್ಕಳ ಅಶ್ಲೀಲ ಚಿತ್ರ’ ಎಂಬ ಪದ ಮಗುವಿನ ಮೇಲಾದ ದೌರ್ಜನ್ಯವನ್ನು ಮರೆಮಾಚುತ್ತದೆಂದು ಅದನ್ನು ಕೈಬಿಡಲು ಸೂಚಿಸಿತು.

ದಾಖಲಾದ ಪ್ರಕರಣಗಳಲ್ಲಿ ಸಂಸ್ಥೆಗಳು ಮಾಡುತ್ತಿರುವ, ಹೊರಗೆ ಅಷ್ಟಾಗಿ ಕಾಣದ ಕೆಲಸವೆಂದರೆ ಬೆಂಬಲ ವ್ಯಕ್ತಿಯನ್ನು ಒದಗಿಸುವುದು. 2020ರ ಪೋಕ್ಸೋ ನಿಯಮಗಳು ವಿವರಿಸುವ, 2023ರಲ್ಲಿ ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಒತ್ತಿ ಹೇಳಿದ ಈ ನೆರವಿನಲ್ಲಿ, ಮಕ್ಕಳ ಕಲ್ಯಾಣ ಸಮಿತಿ ನೇಮಿಸಿದ ವ್ಯಕ್ತಿಯೊಬ್ಬರು ವೈದ್ಯಕೀಯ ತಪಾಸಣೆಯಿಂದ ವಿಚಾರಣೆಯವರೆಗೆ ಮಗುವಿನ ಜೊತೆಗಿದ್ದು, ಪ್ರಕರಣ ಎಲ್ಲಿಗೆ ಬಂತೆಂಬುದನ್ನು ಅದಕ್ಕೂ ಮನೆಯವರಿಗೂ ತಿಳಿಯುವ ಮಾತಿನಲ್ಲಿ ಹೇಳುತ್ತಾರೆ, ಪರಿಹಾರದ ಅರ್ಜಿಗೆ ನೆರವಾಗುತ್ತಾರೆ, ಸಾಕ್ಷ್ಯದ ದಿನ ಮಗು ನ್ಯಾಯಾಲಯದ ಒಳಗೆ ಕಾಲಿಡುವಾಗ ಪಕ್ಕದಲ್ಲಿರುತ್ತಾರೆ.