ವೃದ್ಧರ ವಿಮೆ ಆಸ್ಪತ್ರೆಯ ಬಾಗಿಲು ತೆರೆಸಿದ ಕತೆ

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆ ಇದೆ, ಹೆಸರು ಮೆಡಿಕೇರ್. ಆಸ್ಪತ್ರೆ ಖರ್ಚಿಗೆ 'ಎ' ಭಾಗ, ಡಾಕ್ಟರ್ ಫೀಸಿಗೆ ತಿಂಗಳ ಕಂತು ಕಟ್ಟಿ ಪಡೆಯುವ 'ಬಿ' ಭಾಗ. ಬಡವರಿಗೆ ಬೇರೆ ಯೋಜನೆ, ಮೆಡಿಕೇಡ್. ಅದನ್ನು ರಾಜ್ಯಗಳು ನಡೆಸುತ್ತವೆ. ಎರಡಕ್ಕೂ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ್ದು 1965ರ ಜುಲೈ 30ರಂದು. ಇಷ್ಟು ಎಲ್ಲಾ ಕಡೆ ಸಿಗುತ್ತೆ. ಆದರೆ ಈ ವಿಮೆ ಅಲ್ಲಿನ ಆಸ್ಪತ್ರೆಗಳೊಳಗಿನ ಅಸ್ಪೃಶ್ಯತೆಯ ಸೊಂಟ ಮುರಿದ ಕತೆ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ.

ಅಸ್ಪೃಶ್ಯತೆ ಅನ್ನೋ ಪದವನ್ನು ಬೇಕಂತಲೇ ಬಳಸ್ತಿದ್ದೀನಿ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ವಾರ್ಡು, ಎಷ್ಟೋ ಕಡೆ ನೆಲಮಾಳಿಗೆಯಲ್ಲಿ. ಕೆಲವು ಆಸ್ಪತ್ರೆಗಳು ಒಳಗೇ ಬಿಡ್ತಿರಲಿಲ್ಲ. ರೆಡ್‌ಕ್ರಾಸ್ 1950ರವರೆಗೆ ದಾನ ಕೊಟ್ಟ ರಕ್ತವನ್ನೂ ಚರ್ಮದ ಬಣ್ಣ ನೋಡಿ ಬೇರೆ ಇಡ್ತಿತ್ತು. ರಕ್ತದ ಬಣ್ಣ ಯಾವುದು ಅಂತ ನನ್ನ ಕೇಳಬೇಡಿ! 1946ರ ಹಿಲ್-ಬರ್ಟನ್ ಕಾಯ್ದೆಯಂತೂ ಸರ್ಕಾರಿ ಹಣದಲ್ಲೇ 'ಪ್ರತ್ಯೇಕ, ಆದರೆ ಸಮಾನ' ಆಸ್ಪತ್ರೆ ಕಟ್ಟಿಕೊಳ್ಳಲು ಬಿಟ್ಟಿತ್ತು. ಅದನ್ನು ಕೋರ್ಟಿಗೆ ಎಳೆದವರು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊ ಊರಿನ ಕಪ್ಪು ದಂತವೈದ್ಯ ಜಾರ್ಜ್ ಸಿಮ್ಕಿನ್ಸ್ ಮತ್ತು ಸಂಗಡಿಗರು. 1963ರಲ್ಲಿ ಗೆದ್ದರು. ಮರುವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದರ 6ನೇ ಅಧ್ಯಾಯದ ಸಾರ ಇಷ್ಟೇ: ಭೇದ ಮಾಡುವವರಿಗೆ ಕೇಂದ್ರದ ದುಡ್ಡಿಲ್ಲ.

ಕಾಯ್ದೆ ಬರೀ ಕಾಗದದಲ್ಲಿದ್ರೆ ಏನಾಗುತ್ತೆ ಅಂತ ನಮಗೆ ಬೇರೆಯವರು ಹೇಳಬೇಕಿಲ್ಲ. ಮೆಡಿಕೇರ್ ಬಂದ ಮೇಲೇ ಅದು ಕೆಲಸ ಮಾಡಿದ್ದು. 1966ರ ಜುಲೈ 1ಕ್ಕೆ ವಿಮೆ ಶುರುವಾಗಬೇಕಿತ್ತು. ವಾರ್ಡು ಒಂದು ಮಾಡದ ಆಸ್ಪತ್ರೆಗೆ ವೃದ್ಧ ರೋಗಿಗಳ ಹಣ ಕೊಡಲ್ಲ ಅಂತ ಸರ್ಕಾರ ಪಟ್ಟು ಹಿಡಿಯಿತು. ತಪಾಸಣೆಯ ದಿನ ಮಾತ್ರ ರೋಗಿಗಳನ್ನು ಅದಲುಬದಲು ಮಲಗಿಸಿ ಕಣ್ಣಿಗೆ ಮಣ್ಣೆರಚಲು ನೋಡಿದ ಆಸ್ಪತ್ರೆಗಳೂ ಇದ್ದವು. ಅಲ್ಲೇ ದುಡೀತಿದ್ದ ಕಪ್ಪು ನೌಕರರು ತಪಾಸಣೆಯವರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದರು. ನಾಲ್ಕು ತಿಂಗಳೊಳಗೆ ಸುಮಾರು 1,000 ಆಸ್ಪತ್ರೆಗಳಲ್ಲಿ ಬೇರೆ ವಾರ್ಡುಗಳು ಹೋದವು. ಮನವೊಲಿಕೆಯಿಂದ ದಶಕಗಟ್ಟಲೆ ಆಗದ್ದು ದುಡ್ಡು ನಿಲ್ಲುತ್ತೆ ಅನ್ನೋ ಭಯದಿಂದ ಆಯಿತು.

ಪೂರ್ತಿ ಗೆಲುವೇನಲ್ಲ. 'ಬಿ' ಭಾಗವನ್ನು ಈ ಷರತ್ತಿನಿಂದ ಹೊರಗಿಟ್ಟರು, ಹಾಗಾಗಿ ಖಾಸಗಿ ಡಾಕ್ಟರುಗಳು ತಪ್ಪಿಸಿಕೊಂಡರು. ಅಂಗವಿಕಲರು ಮೆಡಿಕೇರ್‌ಗೆ 1973ರ ಜುಲೈವರೆಗೆ ಕಾಯಬೇಕಾಯಿತು. ಆಮೇಲೂ ಅಂಗವೈಕಲ್ಯದ ಭತ್ಯೆ ಶುರುವಾಗಿ 24 ತಿಂಗಳು ಕಳೆದಿರಬೇಕು ಅನ್ನೋ ನಿಯಮ, ಕೆಲವು ಕಾಯಿಲೆ ಬಿಟ್ಟರೆ ಇವತ್ತಿಗೂ ಇದೆ. ರಾಜ್ಯಗಳ ಇಷ್ಟಕ್ಕೆ ಬಿಟ್ಟ ಮೆಡಿಕೇಡ್‌ಗೆ ಅರಿಜೋನಾ ಸೇರಿದ್ದು 1982ರಲ್ಲಿ.

ನಮ್ಮಲ್ಲಿ 2024ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವಿಸ್ತರಿಸಿತು. ಎಲ್ಲರೂ 5 ಲಕ್ಷದ ಲೆಕ್ಕ ಕೇಳ್ತಾರೆ. ನಾನು ಕೇಳೋದು ಬೇರೆ: ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆ ನಮ್ಮ ಕೇರಿಯ ಅಜ್ಜಿಯನ್ನು ಜಾತಿ ನೋಡಿ ಹೊರಗೆ ಕಾಯಿಸಿದರೆ ಅದರ ಹಣ ಯಾರು ನಿಲ್ಲಿಸ್ತಾರೆ, ಎಷ್ಟು ದಿನದಲ್ಲಿ? ಆಸ್ಪತ್ರೆಗಳ ಜೊತೆಗಿನ ಒಪ್ಪಂದ ಪತ್ರವನ್ನು ಆರ್‌ಟಿಐ ಹಾಕಿ ತೆಗೆಸಿದವರು ಯಾರಾದ್ರೂ ಇದ್ದರೆ ನನಗೊಂದು ಪ್ರತಿ ಕಳಿಸಿ.